ದಸರೆಗೆ ಅರಳುವ ಡೇಲಿಲಿ ಬೇಕಾಗಿತ್ತು

ಕಳೆದ ತಿಂಗಳು ಇದೇ ಅಂಕಣದಲ್ಲಿ ಕುಂಡದ ಕರಿಬೇವಿನ ಬಗ್ಗೆ ಬರೆದಿದ್ದೆ. ಓದಿದ ಗೆಳೆಯರೊಬ್ಬರು ಫೋನ್ ಮಾಡಿ, “ಬರೀ ಒಗ್ಗರಣೆಯ ಗಿಡಗಳೇ ಆದವಲ್ರೀ, ಒಂದು ಹೂವಿನ ಬಗ್ಗೆಯೂ ಬರೀರಿ” ಎಂದರು. ಬರೆಯಬಹುದಾದ ಹೂವೊಂದು ನನ್ನ ಹತ್ತಿರ ಇದೆ. ಅದರ ಕಥೆ ಹೇಳಲು ಮಾತ್ರ ನಾಲ್ಕು ವರ್ಷ ಕಾಯಬೇಕಾಯಿತು. ಕಾರಣ, ಅದು ಅರಳುವುದೇ ತಡ.

2021ರ ಕೊನೆಯಲ್ಲಿ ನಾವು ಪುಣೆಯ ಈಗಿನ ಮನೆಗೆ ಬಂದೆವು. ನೆಲಮಹಡಿಯ ಫ್ಲಾಟು. ಗಾಳಿ ಬೆಳಕು ಕಡಿಮೆ, ಸೊಳ್ಳೆ ಜಾಸ್ತಿ ಎಂದು ಎಲ್ಲರೂ ಬೇಡವೆಂದರೂ ನಾನು ಹಟ ಹಿಡಿದು ತೆಗೆದುಕೊಂಡದ್ದು ಅದರ ಹಿಂದಿದ್ದ ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲದ ಮಣ್ಣಿಗಾಗಿ. ಧಾರವಾಡದಲ್ಲಿ ಹಿತ್ತಲಿದ್ದ ಮನೆಯಲ್ಲಿ ಬೆಳೆದವನಿಗೆ ಹನ್ನೊಂದು ವರ್ಷ ಆರನೇ ಮಹಡಿಯಲ್ಲಿ ಇದ್ದದ್ದೇ ಸಾಕಾಗಿತ್ತು. ಸೋಲಾಪುರ ರಸ್ತೆಯ ಉದ್ದಕ್ಕೂ, ಹಡಪ್ಸರ್ ದಾಟಿ ಉರುಳಿಕಾಂಚನದವರೆಗೆ, ಸಾಲಾಗಿ ನರ್ಸರಿಗಳಿವೆ. ಅಲ್ಲಿಂದ ಜನವರಿಯಲ್ಲಿ ತಂದ ಗಿಡಗಳಲ್ಲಿ ಕಿತ್ತಳೆ ಬಣ್ಣದ ಡೇಲಿಲಿಯೂ ಒಂದು.

ನಮ್ಮ ನರ್ಸರಿಗಳಲ್ಲಿ ‘ಲಿಲಿ’ ಎಂಬ ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಗಿಡಗಳನ್ನು ಮಾರುತ್ತಾರೆ, ಹಾಗಾಗಿ ಮೊದಲು ಗುರುತು ಹೇಳಿಬಿಡುತ್ತೇನೆ. ಮೊದಲ ಮಳೆಗೆ ಗುಲಾಬಿ, ಬಿಳಿ ಬಣ್ಣದಲ್ಲಿ ಏಳುವ ಪುಟ್ಟ ಹೂವು ರೇನ್ ಲಿಲಿ. ಅದಕ್ಕೆ ಈರುಳ್ಳಿಯಂಥ ಗಡ್ಡೆ ಇರುತ್ತದೆ. ಹೂವಂಗಡಿಯಲ್ಲಿ ಮಾರುವ ದೊಡ್ಡ ಪರಿಮಳದ ಲಿಲಿಗೂ ಗಡ್ಡೆಯೇ. ಡೇಲಿಲಿಗೆ ಗಡ್ಡೆ ಇಲ್ಲ. ಬುಡದಲ್ಲೊಂದು ಗಂಟು, ಅದರಿಂದ ಇಳಿದ ದಪ್ಪ ಬೇರುಗಳು, ಮೇಲೆ ಬೀಸಣಿಗೆಯಂತೆ ಎರಡೂ ಕಡೆ ಬಾಗಿದ ಉದ್ದನೆಯ ಎಲೆಗಳು. ನಡುವಿನಿಂದ ಎಲೆಯಿಲ್ಲದ ಹೂದಂಟು ಎದ್ದು, ತುದಿಯಲ್ಲಿ ಹತ್ತಿಪ್ಪತ್ತು ಮೊಗ್ಗುಗಳನ್ನು ಹೊರುತ್ತದೆ. ಸಸ್ಯಶಾಸ್ತ್ರದ ಹೆಸರು ಹೆಮೆರೊಕ್ಯಾಲಿಸ್. ಗ್ರೀಕ್ ಭಾಷೆಯಲ್ಲಿ ‘ಹೆಮೆರಾ’ ಎಂದರೆ ದಿನ, ‘ಕ್ಯಾಲೋಸ್’ ಎಂದರೆ ಚೆಲುವು. ಲಿನಿಯಸ್ 1753ರಲ್ಲಿ ಈ ಹೆಸರು ದಾಖಲಿಸಿದ. ಹೆಸರಿಗೆ ತಕ್ಕಂತೆ ಒಂದು ಹೂವಿನ ಆಯುಷ್ಯ ಒಂದೇ ದಿನ. ಬೆಳಗ್ಗೆ ಅರಳಿದ್ದು ರಾತ್ರಿಗೆ ಮುದುಡುತ್ತದೆ. ಮರುದಿನ ಪಕ್ಕದ ಮೊಗ್ಗಿನ ಸರದಿ. ಹಾಗಾಗಿ ಒಂದು ದಂಟು ಎರಡು ಮೂರು ವಾರ ಹೂವು ಕೊಟ್ಟರೂ ನೀವು ಇವತ್ತು ನೋಡಿದ ಹೂವು ನಾಳೆ ಇರುವುದಿಲ್ಲ.

ನನ್ನ ಕಿತ್ತಳೆ ಡೇಲಿಲಿ ಏಪ್ರಿಲ್ ಕೊನೆಗೆ ಶುರುವಾಗಿ ಮೇ ಮುಗಿಯುವ ಹೊತ್ತಿಗೆ ಆಟ ಮುಗಿಸಿತ್ತು. ಆ ವರ್ಷ ದಸರೆಗೆ ಅವ್ವ ಬಂದಳು. ಬಂದ ಮರುದಿನ ಬೆಳಗ್ಗೆ ಚಹಾದ ಕಪ್ಪು ಹಿಡಿದು ಹಿಂದಿನ ಬಾಗಿಲಲ್ಲಿ ನಿಂತು ನೋಡಿದಳು.

“ಇದೇನೋ, ಇಷ್ಟೇ ಇಷ್ಟು ಜಾಗಾದಾಗ ಜ್ವಾಳ ಹಾಕೀಯೇನು?”

ಎಲೆ ನೋಡಿದರೆ ಆಕೆಯ ತಪ್ಪಿಲ್ಲ. ಡೇಲಿಲಿಯ ಎಳೆ ಎಲೆ ಜೋಳದ ಸಸಿಯಂತೆಯೇ ಇರುತ್ತದೆ.

“ಜ್ವಾಳ ಅಲ್ಲವ್ವ, ಹೂವಿನ ಗಿಡ. ಬ್ಯಾಸಗ್ಯಾಗ ಬಂದ್ರ ನೋಡಬಹುದು.”

“ಬ್ಯಾಸಗ್ಯಾಗ ನಾ ಎಲ್ಲಿ ಬರ್ಲಿ? ಶಾವಿಗಿ, ಹಪ್ಪಳ, ಸಂಡಿಗಿ ಯಾರು ಮಾಡ್ಬೇಕು? ಅಕ್ಕನ ಮಕ್ಕಳು ಬ್ಯಾರೆ ಬಂದಿರ್ತಾವ.”

ಇದು ನಮ್ಮ ಮನೆಯ ಪಂಚಾಂಗ. ಅವ್ವ ಪುಣೆಗೆ ಬರುವುದು ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ಮೇಲೆ. ದಸರೆಯ ಹೊತ್ತಿಗೆ ಬಂದು ಹತ್ತು ಹನ್ನೆರಡು ದಿನ ಇದ್ದು, ಬನ್ನಿ ಕೊಟ್ಟು ತಗೊಂಡು ಹೊರಡುತ್ತಾಳೆ. ಎದುರು ಮನೆಯ ಮರಾಠಿ ಕಾಕು ಆಪಟ್ಯಾದ ಎಲೆ ಕೊಟ್ಟು ಬಂಗಾರವೆಂದರೆ ಅವ್ವ ಬನ್ನಿ ಎಲೆ ಕೊಟ್ಟು ಬಂಗಾರವೆನ್ನುತ್ತಾಳೆ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ, ವ್ಯವಹಾರ ಸಲೀಸಾಗಿ ನಡೆಯುತ್ತದೆ.

ಹಿತ್ತಲಿನಲ್ಲಿ ಏನು ನೆಟ್ಟರೂ ಚಿಗುರಿಸುವ ಕೈ ಆಕೆಯದು. ಮಗ ಮಣ್ಣಿಗೆ ಕೈ ಹಾಕಿ ಬೆಳೆಸಿದ ಮೊದಲ ಹೂವನ್ನು ಆಕೆ ನೋಡಲಿಲ್ಲ ಎನ್ನುವುದು ನನ್ನನ್ನು ಕಾಡಿತು. ಪ್ರಾಜೆಕ್ಟ್ ಕೆಲಸದವರ ಬುದ್ಧಿಯೇ ಹಾಗೆ, ತಕ್ಷಣ ಪರಿಹಾರ ಹುಡುಕಲು ಹೊರಟೆ. ಬೇಸಿಗೆಯ ಬದಲು ದಸರೆಗೆ ಅರಳುವ ಡೇಲಿಲಿ ಸಿಕ್ಕರೆ ಆಯಿತಲ್ಲ!

ಓದುತ್ತ ಹೋದ ಹಾಗೆ ಇದೊಂದು ದೊಡ್ಡ ಲೋಕ ಎಂದು ತಿಳಿಯಿತು. ಡೇಲಿಲಿಯ ತವರು ಚೀನಾ, ಜಪಾನ್, ಕೊರಿಯಾ ಕಡೆ. ಆದರೆ ಅದನ್ನು ಹುಚ್ಚು ಹಿಡಿದವರಂತೆ ಬೆಳೆಸಿ ಸಾವಿರಾರು ತಳಿ ಮಾಡಿದವರು ಅಮೆರಿಕದವರು. 1946ರಿಂದ ಅಲ್ಲಿ ಇದಕ್ಕೇ ಒಂದು ಸಂಘವಿದೆ. ಹೊಸ ತಳಿ ನೋಂದಾಯಿಸುವಾಗ ಬಣ್ಣ, ಎತ್ತರದ ಜೊತೆ ಅರಳುವ ಕಾಲವನ್ನೂ ಬರೆಯಬೇಕು. ಬೇಗ, ನಡುವೆ, ತಡ, ಬಹಳ ತಡ ಎಂದು ಅದರಲ್ಲಿ ದರ್ಜೆಗಳಿವೆ. ನ್ಯೂಯಾರ್ಕ್ ಸಸ್ಯೋದ್ಯಾನದಲ್ಲಿದ್ದ ಆರ್ಲೋ ಸ್ಟೌಟ್ ಎಂಬ ವಿಜ್ಞಾನಿ ಚೀನಾದಿಂದ ತರಿಸಿದ ಕಾಡುಗಿಡಗಳನ್ನು ಬೆರೆಸಿ ದಶಕಗಳ ಕಾಲ ಕೆಲಸ ಮಾಡಿದರು. 1934ರಲ್ಲಿ ಅವರ ‘ಡೇಲಿಲೀಸ್’ ಪುಸ್ತಕ ಬಂತು. ಚೀನಾದ ಗಿಡಗಳಲ್ಲಿ ಆಳೆತ್ತರ ಬೆಳೆದು, ಉಳಿದವು ಮುಗಿದ ಮೇಲೆ ಅರಳುವಂಥವೂ ಇದ್ದವು. ಅವರ ‘ಆಟಮ್ ಮಿನಾರೆಟ್’ ತಳಿಗೆ ಐದಡಿ ಮೀರಿದ ದಂಟು, ತಡವಾದ ಹೂವು ಬಂದದ್ದು ಅಂಥ ಪೂರ್ವಜರಿಂದ.

ಇಲ್ಲಿ ಒಂದು ಮಾತು ಗಮನಿಸಬೇಕು. ‘ತಡ’ ಎಂದರೆ ಯಾವುದೋ ತಿಂಗಳಲ್ಲ. ತಳಿ ಮಾಡಿದವನ ತೋಟದಲ್ಲಿ ಉಳಿದ ಡೇಲಿಲಿಗಳಿಗಿಂತ ತಡ, ಅಷ್ಟೇ. ಅಮೆರಿಕದ ಉತ್ತರದಲ್ಲಿ ಆಗಸ್ಟಿಗೆ ಅರಳಿದ್ದು ಪುಣೆಯಲ್ಲೂ ಆಗಸ್ಟಿಗೇ ಅರಳಬೇಕು ಎಂದಿಲ್ಲ. ಅಲ್ಲದೆ ಡೇಲಿಲಿಗಳಲ್ಲಿ ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿಸಿ ಮಲಗುವ ಜಾತಿ ಒಂದು, ವರ್ಷವಿಡೀ ಹಸಿರಾಗಿರುವ ಜಾತಿ ಇನ್ನೊಂದು, ನಡುವಿನದ್ದು ಮತ್ತೊಂದು. ಮಲಗುವ ಜಾತಿಯ ಎಷ್ಟೋ ಗಿಡಗಳಿಗೆ ಒಳ್ಳೆಯ ಚಳಿ ಬೇಕು. ಪುಣೆಯ ಡಿಸೆಂಬರ್ ನಮಗೆ ಚಳಿ, ಅವಕ್ಕಲ್ಲ. ನಮ್ಮ ಕಡೆಗೆ ಸದಾ ಹಸಿರಾಗಿರುವ ಜಾತಿಯೇ ವಾಸಿ.

ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದ ಸಹೋದ್ಯೋಗಿ, “ಹೆಸರು ಹೇಳು, ಬರುವಾಗ ಸೂಟ್‌ಕೇಸಿನಲ್ಲಿ ಎರಡು ಬೇರು ಹಾಕ್ಕೊಂಡು ಬರ್ತೀನಿ” ಎಂದ. ಆಸೆಯಾಯಿತು, ಬೇಡವೆಂದೆ. ಹೊರದೇಶದ ಸಸಿ ತರಲು ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಅದಕ್ಕೇ ಇದೆ. ಬೇರಿಗೆ ಅಂಟಿಕೊಂಡ ಒಂದು ಚಿಟಿಕೆ ಮಣ್ಣಿನಲ್ಲಿ ಯಾವ ರೋಗ ಬರುತ್ತದೋ ಯಾರಿಗೆ ಗೊತ್ತು? ಅವ್ವನಿಗೆ ಹೂವು ತೋರಿಸಲು ಹೋಗಿ ಪಕ್ಕದ ರೈತನಿಗೆ ರೋಗ ಹಂಚುವುದು ಬೇಡ.

ನರ್ಸರಿಯಲ್ಲಿ ವಿಚಾರಿಸಿದರೆ ಎಲ್ಲ ಗಿಡಕ್ಕೂ ಒಂದೇ ಉತ್ತರ: “ಬಾರಾ ಮಹಿನೆ ಫೂಲ್ ದೇತಾ ಹೈ ಸಾಹೇಬ್.” ಹನ್ನೆರಡು ತಿಂಗಳೂ ಹೂವು ಬಿಡುವ ಗಿಡವೆಂದು ಮಾರಿದ್ದು ನನ್ನ ಮನೆಗೆ ಬಂದ ಮೇಲೆ ಹನ್ನೆರಡು ತಿಂಗಳೂ ಎಲೆ ಬಿಟ್ಟ ಉದಾಹರಣೆಗಳಿವೆ. ಕೊನೆಗೆ ಹೊಳೆದ ಉಪಾಯ ಬಹಳ ಸರಳ. ತಡವಾಗಿ ಅರಳುವ ಗಿಡ ಬೇಕೆಂದರೆ ನರ್ಸರಿಗೇ ತಡವಾಗಿ ಹೋಗಬೇಕು. ನಾವೆಲ್ಲ ಗಿಡ ಕೊಳ್ಳುವುದು ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ಉತ್ಸಾಹದಲ್ಲಿ, ಇಲ್ಲವೇ ಜನವರಿಯ ಪುಷ್ಪಪ್ರದರ್ಶನ ನೋಡಿಕೊಂಡು ಬಂದು. ನಾನು 2023ರ ಸೆಪ್ಟೆಂಬರ್ ಕೊನೆಯ ಭಾನುವಾರ ಹೋಗಿ, ಸಾಲು ಸಾಲು ಡೇಲಿಲಿ ಚೀಲಗಳ ನಡುವೆ ಬಗ್ಗಿ ಹುಡುಕಿದೆ. ಎಲ್ಲವೂ ಬರೀ ಎಲೆ. ಕೊನೆಯ ಸಾಲಿನ ಮೂಲೆಯಲ್ಲಿ, ಕಳೆಯ ಮಧ್ಯೆ, ಒಂದು ಚೀಲದಲ್ಲಿ ಮಾತ್ರ ದಂಟು ಎದ್ದಿತ್ತು. ಹಳದಿ ಹೂವು, ಗಂಟಲಲ್ಲಿ ಇಟ್ಟಿಗೆಗೆಂಪು. ಹೆಸರಿನ ಚೀಟಿ ಇಲ್ಲ. 150 ರೂಪಾಯಿ. ಮಾಲೀಕರಿಗೆ ಅದು ಮಾರಾಟವಾಗದೆ ಉಳಿದ ಗಿಡ, ನನಗೆ ಬೇಕಾಗಿದ್ದ ಗಿಡ.

ಕಾರಿನ ಕುಲುಕಾಟಕ್ಕೆ ಅರ್ಧ ಮೊಗ್ಗು ಉದುರಿದವು. ಉಳಿದವು ಒಂದು ವಾರದಲ್ಲಿ ಅರಳಿ ಮುಗಿದವು. ಆ ವರ್ಷ ದಸರೆ ಬಂದದ್ದು ಅಕ್ಟೋಬರ್ 24ಕ್ಕೆ. ಅವ್ವ ಬಂದು ನೋಡಿದಳು, ಏನೂ ಹೇಳಲಿಲ್ಲ. ಜೋಳದ ಮಾತು ಹೇಳದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಮುಂದಿನ ಒಂದು ವರ್ಷದಲ್ಲಿ ಮಾಡಿದ ತಪ್ಪುಗಳನ್ನು ಇಲ್ಲಿ ಬರೆದಿಡುತ್ತೇನೆ, ನಿಮಗಾದರೂ ಉಪಯೋಗವಾಗಲಿ. ಮೊದಲನೆಯದು, ಪ್ರೀತಿ ಹೆಚ್ಚಾಗಿ ಯೂರಿಯಾ ಹಾಕಿದೆ. ಎಲೆ ಕಪ್ಪು ಹಸಿರಾಗಿ ಸೊಂಟದೆತ್ತರ ಬಂತು. ಸಾರಜನಕ ಅತಿಯಾದರೆ ಎಲೆ ಕೊಬ್ಬುತ್ತದೆ, ಹೂವು ಹಿಂದೆ ಬೀಳುತ್ತದೆ. ಈಗ ವರ್ಷಕ್ಕೆರಡು ಸಲ ಎರಡು ಮುಷ್ಟಿ ಹಳೆಯ ಸಗಣಿ ಗೊಬ್ಬರ, ಅಷ್ಟೇ. ಎರಡನೆಯದು, ಗಿಡವನ್ನು ಆಳಕ್ಕೆ ನೆಟ್ಟಿದ್ದೆ. ಬುಡದ ಗಂಟು ಮಣ್ಣಿನಿಂದ ಒಂದು ಇಂಚು ಕೆಳಗಿದ್ದರೆ ಸಾಕು. ಜುಲೈ ಮಳೆಗೆ ನೀರು ನಿಂತು, ನಾಲ್ಕು ಮರಿಗಳಲ್ಲಿ ಎರಡು ಬುಡ ಕೊಳೆತು ಮೆತ್ತಗಾದವು. ಎಳೆದರೆ ಎಲೆಗುಚ್ಛ ಕೈಗೇ ಬಂತು. ಉಳಿದೆರಡನ್ನು ಅಗೆದು ತೆಗೆದು, ಆರು ಇಂಚು ಎತ್ತರದ ದಿಬ್ಬ ಮಾಡಿ, ಮರಳು ಬೆರೆಸಿ ಮತ್ತೆ ನೆಟ್ಟೆ. ಮೂರನೆಯದು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ನಂತರ ಸ್ವಲ್ಪ ನೆರಳಿದ್ದರೆ ಎಲೆ ಸುಡುವುದಿಲ್ಲ. ಕುಂಡದಲ್ಲಿ ಬೆಳೆಸುವವರು ಹನ್ನೆರಡು ಇಂಚಿಗಿಂತ ಚಿಕ್ಕದು ತರಬೇಡಿ, ತಳದ ತೂತು ಮುಚ್ಚಿರದಂತೆ ನೋಡಿಕೊಳ್ಳಿ. ದಂಟು ಕಾಣಿಸಿದ ಮೇಲೆ ನೀರು ತಪ್ಪಿಸಬೇಡಿ, ಆ ಹೊತ್ತಿನಲ್ಲಿ ಒಣಗಿಸಿದರೆ ಮೊಗ್ಗು ಉದುರುತ್ತದೆ. ಮುದುಡಿದ ಹೂವನ್ನು ಅಂದೇ ಚಿವುಟಿ ತೆಗೆದರೆ ಗಿಡದ ಶಕ್ತಿ ಬೀಜಕ್ಕೆ ಹೋಗುವುದಿಲ್ಲ. ಇನ್ನೊಂದು ಮುಖ್ಯ ಮಾತು: ಬೆಕ್ಕು ಸಾಕಿದವರು ಈ ಗಿಡದಿಂದ ದೂರ ಇರಿ. ಡೇಲಿಲಿಯ ಯಾವ ಭಾಗ ತಿಂದರೂ ಬೆಕ್ಕಿನ ಮೂತ್ರಪಿಂಡಕ್ಕೆ ಅಪಾಯ.

2024ರ ಸೆಪ್ಟೆಂಬರ್ ಮಧ್ಯದಲ್ಲಿ ಬದುಕುಳಿದ ಎರಡು ಮರಿಗಳಲ್ಲಿ ಒಂದರ ನಡುವೆ ಬೆರಳಿನಷ್ಟು ದಂಟು ಕಾಣಿಸಿತು. ದಿನಾ ಅಳೆದು ಸ್ಪ್ರೆಡ್‌ಶೀಟಿನಲ್ಲಿ ಬರೆಯತೊಡಗಿದೆ. ಹೆಂಡತಿ ನಕ್ಕಳು, ಮಗಳು ತಾನೂ ಅಳತೆ ಪಟ್ಟಿ ಹಿಡಿದು ಬಂದಳು. ಹನ್ನೊಂದು ಮೊಗ್ಗು. ಮೊದಲನೆಯದು ಅರಳಿದ್ದು ಅಕ್ಟೋಬರ್ 3ಕ್ಕೆ, ಸರಿಯಾಗಿ ಘಟಸ್ಥಾಪನೆಯ ದಿನ. ಅಲ್ಲಿಂದ ವಿಜಯದಶಮಿಯವರೆಗೆ ಒಂದಾದ ಮೇಲೊಂದು. ನಾನು ಬೇಡಿದ ದಿನಾಂಕಕ್ಕೆ, ನಾನು ಬೇಡಿದ ಹಾಗೆಯೇ.

ಅವ್ವ ಬಂದಿರಲಿಲ್ಲ. ಆ ಸೆಪ್ಟೆಂಬರಿನಲ್ಲೇ ಆಕೆಯ ಮೊಣಕಾಲಿನ ಆಪರೇಷನ್ ಆಗಿತ್ತು. ನಾನು ನಾಲ್ಕು ದಿನ ರಜೆ ಹಾಕಿ ಆಸ್ಪತ್ರೆಯಲ್ಲಿದ್ದು ಬಂದಿದ್ದೆ, ಉಳಿದದ್ದನ್ನೆಲ್ಲ ಅಕ್ಕ ನೋಡಿಕೊಂಡಳು. ದಿನಾ ಬೆಳಗ್ಗೆ ಸ್ಟ್ಯಾಂಡ್‌ಅಪ್ ಕಾಲ್‌ಗೆ ಮೊದಲು ಹೂವಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ನಾಲ್ಕನೆಯ ದಿನ ಫೋನಿನಲ್ಲಿ ಕೇಳಿದೆ, “ಹೆಂಗ ಅದವ್ವ ಹೂವು?”

“ಛಂದ ಅದ. ಫೋಟೋದಾಗ ಎಲ್ಲಾ ಹೂವೂ ಛಂದನ ಕಾಣ್ತಾವ ಬಿಡು.”

ಆ ರಾತ್ರಿ ಡೇಲಿಲಿ ಬಗ್ಗೆ ಇನ್ನೇನೋ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಚೀನಾದಲ್ಲಿ ಇದಕ್ಕೆ ‘ಚಿಂತೆ ಮರೆಸುವ ಗಿಡ’ ಎಂಬ ಹೆಸರೂ ಉಂಟು. ಮೊಗ್ಗನ್ನು ಒಣಗಿಸಿ ಅಡುಗೆಗೂ ಬಳಸುತ್ತಾರೆ. ಅಲ್ಲಿನವರಿಗೆ ಇದು ತಾಯಿಯ ಹೂವು. ಹಳೆಯ ಕಾಲದಲ್ಲಿ ಮನೆಯ ಉತ್ತರದ ಭಾಗದಲ್ಲಿ ತಾಯಿಯ ವಾಸ. ದೂರದೂರಿಗೆ ಹೊರಟ ಮಗ, ತನ್ನನ್ನು ನೆನೆದು ತಾಯಿ ಕೊರಗದಿರಲಿ ಎಂದು ಅಲ್ಲಿ ಈ ಗಿಡ ನೆಟ್ಟು ಹೋಗುತ್ತಿದ್ದನಂತೆ.

ಓದಿ ಸುಮ್ಮನೆ ಕೂತೆ. ಮಗ ಗಿಡ ನೆಡುತ್ತಿದ್ದದ್ದು ತಾಯಿ ಇರುವ ಕಡೆ. ನಾನು ಮಾಡಿದ್ದೇನು? ಗಿಡವನ್ನು ನನ್ನ ಮನೆಯಲ್ಲಿ ನೆಟ್ಟು, ಅವ್ವ ಬರುವ ದಿನಕ್ಕೆ ಸರಿಯಾಗಿ ಅರಳು ಎಂದು ಅದಕ್ಕೆ ಗಡುವು ಕೊಟ್ಟೆ. ಹೂವಿನ ಕ್ಯಾಲೆಂಡರ್ ಬದಲಿಸಲು ಎರಡು ವರ್ಷ ಒದ್ದಾಡಿದವನಿಗೆ ನನ್ನ ಕ್ಯಾಲೆಂಡರ್ ಬದಲಿಸುವುದು ಹೊಳೆದಿರಲಿಲ್ಲ. ಎಂಸಿಎ ಮುಗಿಸಿ ಊರು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷ ಪ್ರಯಾಣ ಮಾಡಿದ್ದು ಹೆಚ್ಚಾಗಿ ಅವ್ವನೇ.

ಈ ವರ್ಷ ಸಂಕ್ರಾಂತಿಗೆ ಗಿಡ ಅಗೆದೆ. ಹೂವು ಬಿಟ್ಟ ಮೇಲೆ ಅದು ಬುಡದಲ್ಲಿ ಒಡೆದು ಐದು ಮರಿಯಾಗಿತ್ತು. ಬೇರು ತೊಳೆದು, ಕೈಯಿಂದಲೇ ಬಿಡಿಸಿ, ಎಲೆಯನ್ನು ಆರು ಇಂಚಿಗೆ ಕತ್ತರಿಸಿ, ಮೂರನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವ್ವ ಕೋಲು ಊರಿಕೊಂಡು ಬಂದು ಜಾಗ ತೋರಿಸಿದಳು. ಬಟ್ಟೆ ಒಗೆಯುವ ಕಲ್ಲಿನ ಆಚೆ, ನೀರು ನಿಲ್ಲದ ಏರಿನಲ್ಲಿ, ಅಬ್ಬಲಿಗೆಯ ಪಕ್ಕ. ನಾನು ಗುದ್ದು ತೋಡಿದೆ. “ಅಷ್ಟು ಆಳ ಬ್ಯಾಡೋ, ಬುಡ ಕೊಳೀತದ” ಎಂದಳು. ನಾನು ಎರಡು ಗಿಡ ಕಳೆದುಕೊಂಡು ಕಲಿತದ್ದನ್ನು ಆಕೆ ನೋಡಿದ ಕೂಡಲೇ ಹೇಳಿದ್ದಳು.

ಪುಣೆಯಲ್ಲಿ ಅಕ್ಟೋಬರಿಗೆ ಅರಳಿದ್ದು ಧಾರವಾಡದಲ್ಲೂ ದಸರೆಗೇ ಅರಳುತ್ತದೆ, ಆಗ ಹೋದರಾಯಿತು ಎಂದುಕೊಂಡಿದ್ದೆ. ಮಣ್ಣು ಬೇರೆ, ಮಳೆ ಬೇರೆ, ನೆಡುವ ಕೈ ಬೇರೆ. ಸೆಪ್ಟೆಂಬರ್ ಮೊದಲ ವಾರ, ಮಂಗಳವಾರ ಬೆಳಗ್ಗೆ ಫೋನ್ ಬಂತು.

“ನಿನ್ನ ಜ್ವಾಳ ಅರಳೈತಿ ನೋಡು.”

ಒಂದೇ ದಂಟು, ಐದು ಮೊಗ್ಗು. ನಮ್ಮಲ್ಲಿ ಅದು ರಿಲೀಸ್ ವಾರ. ಬುಧವಾರ ಎರಡನೆಯದು, ಗುರುವಾರ ಎರಡು ಒಟ್ಟಿಗೆ. ದಿನಾ ಫೋನಿನಲ್ಲಿ ಕೇಳುತ್ತಿದ್ದೆ, ಆಕೆ ವರದಿ ಕೊಡುತ್ತಿದ್ದಳು. ಮುಂಜಾನೆ ಎಷ್ಟು ಹೊತ್ತಿಗೆ ಬಿರಿಯಿತು, ಮಳೆಗೆ ಹೇಗೆ ಬಾಗಿತು, ಪಕ್ಕದ ಮನೆಯವರು ಏನೆಂದರು. ಆಕೆಗೆ ಫೋಟೋ ತೆಗೆಯಲು ಬರುವುದಿಲ್ಲ, ಹಾಗಾಗಿ ನನಗೆ ಸಿಕ್ಕಿದ್ದು ಮಾತು ಮಾತ್ರ. ಫೋಟೋಗಿಂತ ಅದರಲ್ಲೇ ಹೂವು ಹೆಚ್ಚು ಕಾಣುತ್ತಿತ್ತು. ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ, ಮ್ಯಾನೇಜರ್‌ಗೆ ಒಂದು ಸಾಲಿನ ಮೆಸೇಜ್ ಹಾಕಿ, ಸಿಕ್ಕ ಬಸ್ಸು ಹತ್ತಿದೆ.

ಶನಿವಾರ ಬೆಳಗ್ಗೆ ಚಪ್ಪಲಿ ಬಿಡದೆ ನೇರ ಹಿತ್ತಲಿಗೆ ಹೋದೆ. ಐದನೆಯದು ಶುಕ್ರವಾರವೇ ಅರಳಿ ಮುಗಿದಿತ್ತು. ದಂಟಿನ ತುದಿಯಲ್ಲಿ ಒದ್ದೆ ಬಟ್ಟೆಯಂತೆ ಹಿಂಡಿಕೊಂಡು ಜೋತು ಬಿದ್ದಿತ್ತು. ಹಿಂದಿನ ನಾಲ್ಕನ್ನೂ ಅವ್ವ ಅಂದಂದೇ ಚಿವುಟಿದ್ದಳು. ಇದೊಂದನ್ನು ನನಗೆಂದು ಬಿಟ್ಟಿದ್ದಳು. ನನ್ನ ಮುಖ ನೋಡಿ, ಬಾಗಿಲಿಗೆ ಒರಗಿ ನಿಂತು ಕೇಳಿದಳು:

“ಹೂವು ನೋಡಾಕ ಬಂದೀಯೋ, ನನ್ನ ನೋಡಾಕ ಬಂದೀಯೋ?”

ಉತ್ತರ ಹೇಳಲಾಗದೆ ಚಪ್ಪಲಿ ಬಿಚ್ಚಿದೆ. ಆಕೆ ಚಹಾ ಇಡಲು ಒಳಗೆ ಹೋದಳು. ಭಾನುವಾರ ರಾತ್ರಿಯ ಬಸ್ಸಿನವರೆಗೆ ಅಲ್ಲೇ ಇದ್ದೆ. ಆ ಎರಡು ದಿನ ಹಿತ್ತಲಿನಲ್ಲಿ ಒಂದೂ ಡೇಲಿಲಿ ಇರಲಿಲ್ಲ.

ಪುಣೆಯ ಗಿಡ ಈ ಸಲವೂ ದಸರೆಗೇ ಅರಳಿತು. ಬಸ್ಸಿನ ಮೆಟ್ಟಿಲು ಹತ್ತುವುದು ಇನ್ನೂ ಕಷ್ಟವೆಂದು ಅವ್ವ ಬರಲಿಲ್ಲ. ಎದುರು ಮನೆಯ ಕಾಕು ಬಂಗಾರ ಕೊಡಲು ಬಂದಾಗ ಆಕೆಯನ್ನು ಕೇಳಿದರು, ಹೂವನ್ನೂ ನೋಡಿ ಹೋದರು.

ಬರುವ ವರ್ಷದ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಮೊದಲ ಎರಡು ವಾರ ಈಗಲೇ ರಜೆ ಹಾಕಿಟ್ಟಿದ್ದೇನೆ. ಕಾರಣದ ಜಾಗದಲ್ಲಿ ‘ಊರಿಗೆ’ ಎಂದು ಮಾತ್ರ ಬರೆದಿದ್ದೇನೆ. ಗಿಡ ಆಗಸ್ಟಿನಲ್ಲೇ ಅರಳಿದರೂ ಆ ರಜೆ ರದ್ದಾಗುವುದಿಲ್ಲ. ಜನವರಿಗೆ ಮತ್ತೆ ಮರಿ ಬಿಡಿಸುವ ಕೆಲಸವಿದೆ, ಒಂದನ್ನು ಕಾಕುವಿಗೆ ಕೊಡುವುದೆಂದು ಆಗಿದೆ. ನಿಮ್ಮ ಕುಂಡದಲ್ಲೂ ಬರೀ ಎಲೆ ಬಿಟ್ಟು ನಿಂತ ಡೇಲಿಲಿ ಇದ್ದರೆ ಯೂರಿಯಾ ನಿಲ್ಲಿಸಿ, ಬುಡ ಸ್ವಲ್ಪ ಮೇಲೆತ್ತಿ ನೋಡಿ. ಎರಡು ಮರಿಯಾದರೆ ಒಂದನ್ನು ಊರಿಗೆ ತಲುಪಿಸಿ. ಒದ್ದೆ ಪತ್ರಿಕೆಯಲ್ಲಿ ಸುತ್ತಿದರೆ ಒಂದು ರಾತ್ರಿಯ ಬಸ್ ಪ್ರಯಾಣ ಅದಕ್ಕೇನೂ ಕಷ್ಟವಲ್ಲ.